ಏನ್ರೀ ಎಂಬ ಕಾರು

ಆ ಕಾರಿಗೆ ಹೆಸರಿಟ್ಟವಳು ವ್ಯಾನಮ್ಮ. ಇಡಬೇಕೆಂದು ಇಟ್ಟ ಹೆಸರಲ್ಲ ಅದು. ಬಾಯಿ ತಪ್ಪಿ ಬಿದ್ದದ್ದು.

ಕಾರು ಅವಳ ತಮ್ಮನದು. ಅಪ್ಪ ಅಮ್ಮ ಇಲ್ಲದ ಹುಡುಗನನ್ನು ಅವಳೂ ಅವಳ ಗಂಡನೂ ಓದಿಸಿ ದೊಡ್ಡವನನ್ನಾಗಿ ಮಾಡಿದ್ದರು. ಹಾಗಾಗಿ ಅಷ್ಟು ದೊಡ್ಡ ಕಾರು ಕೊಂಡ ದಿನ ಅವನು ಅದನ್ನು ಮೊದಲು ತಂದು ನಿಲ್ಲಿಸಿದ್ದು ಅಕ್ಕನ ಮನೆಯ ಮುಂದೆಯೇ. ಅಕ್ಕನನ್ನು ಮುಂದೆ, ಭಾವನನ್ನು ಹಿಂದೆ ಕೂರಿಸಿದ. ಈ ಕಾರಿಗೆ ಕಿವಿ ಇದೆ, ಹೆಸರು ಹಿಡಿದು ಕರೆದು ಏನು ಬೇಕೋ ಹೇಳಿದರೆ ಸಾಕು, ದಾರಿಯನ್ನೂ ತೋರಿಸುತ್ತದೆ, ಹಾಡನ್ನೂ ಹಾಕುತ್ತದೆ ಎಂದು ವಿವರಿಸಿ, ಹೆಸರು ಮಾತ್ರ ಅಕ್ಕನೇ ಇಡಬೇಕೆಂದು ಹಟ ಹಿಡಿದು ಗುಂಡಿ ಒತ್ತಿದ. ಕಾರು ಪಾಠ ಮಾಡುವ ಮೇಡಂ ದನಿಯಲ್ಲಿ, "ದಯವಿಟ್ಟು ನನ್ನ ಹೆಸರನ್ನು ಹೇಳಿ" ಎಂದಿತು.

ಗೋಡೆಗೆ ಯಾವ ಬಣ್ಣ ಎನ್ನುವುದರಿಂದ ಹಿಡಿದು ಹಳೇ ಚಪ್ಪಲಿ ಎಸೆಯಬೇಕೋ ಬೇಡವೋ ಎನ್ನುವವರೆಗೆ ವ್ಯಾನಮ್ಮ ಗಂಡನನ್ನು ಕೇಳದೆ ಏನನ್ನೂ ಮಾಡಿದವಳಲ್ಲ. ಕೇಳುವುದೇನೋ ಶಾಸ್ತ್ರಕ್ಕೆ, ಮಾಡುವುದು ತನಗೆ ತೋಚಿದ್ದನ್ನೇ. ಆವತ್ತೂ ಅಭ್ಯಾಸಬಲದಿಂದ ಹಿಂದೆ ತಿರುಗಿ, "ಏನ್ರೀ?" ಎಂದಳು.

ಗಂಡ ಬಾಯಿ ತೆರೆಯುವ ಮೊದಲೇ ಕಾರು ಟಿಣ್ ಎಂದಿತು. "ಧನ್ಯವಾದಗಳು. ಇನ್ನು ಮುಂದೆ ನನ್ನನ್ನು ಏನ್ರೀ ಎಂದು ಕರೆಯಿರಿ."

ತಮ್ಮ ಸ್ಟೇರಿಂಗಿಗೆ ಹಣೆ ಹಚ್ಚಿ ನಕ್ಕ. ಆಮೇಲೆ ಬದಲಾಯಿಸಿದರಾಯಿತು ಎಂದ. ಮದುವೆಯಾಗದ ಗಂಡು ಅವನು. ಅವನ ಕಾರಿನಲ್ಲಿ ಕೂತು ಏನ್ರೀ ಎನ್ನುವವರು ಯಾರೂ ಇರಲಿಲ್ಲ. ಆ 'ಆಮೇಲೆ' ಬರಲೇ ಇಲ್ಲ.

ವ್ಯಾನಮ್ಮ ಶಾಲಾ ಮಕ್ಕಳ ವ್ಯಾನು ಓಡಿಸುವವಳು. ಬೀದಿಯವರು ಕೊಟ್ಟ ಹೆಸರು ಅವಳಿಗೆ ಅಂಟಿಕೊಂಡಿತ್ತು. ಅವಳ ವ್ಯಾನಿನಲ್ಲಿ ಕಿಟಕಿಗೊಂದು ಹಿಡಿ, ರೇಡಿಯೋಗೊಂದು ಗುಂಡಿ. ತಿರುಗಿಸಿದರೆ ಮಾತಾಡುತ್ತಿತ್ತು, ಇಲ್ಲದಿದ್ದರೆ ಸುಮ್ಮನಿರುತ್ತಿತ್ತು. ಗಂಡ ಗಡಿಯಾರ ರಿಪೇರಿ ಮಾಡುವವರು. ಮೆಟ್ಟಿಲ ಕೆಳಗಿನ ಸಣ್ಣ ಅಂಗಡಿಯಲ್ಲಿ ದೀಪದ ಅಡಿ ತಲೆ ಬಗ್ಗಿಸಿ ಕೂತರೆಂದರೆ ಮಾತಿಲ್ಲ ಕತೆಯಿಲ್ಲ. ಮನೆಯಲ್ಲೂ ಅಷ್ಟೇ. ಅವಳು ಹತ್ತು ಮಾತಾಡಿದರೆ ಅವರದೊಂದು 'ಹೂಂ', ಅದೂ ಪುಣ್ಯವಿದ್ದರೆ. ಗೋಡೆಗೆ ಹೇಳಿದರೆ ಅದಾದರೂ ಮಾರ್ನುಡಿಯುತ್ತದೆ ಎಂದು ಅವಳು ನೆರೆಮನೆಯವರೊಂದಿಗೆ ಹೇಳಿಕೊಂಡು ನಗುತ್ತಿದ್ದಳು. ನಗುವುದು ಹೊರಗೆ, ಒಳಗೊಳಗೆ ಒಂದು ಚುಚ್ಚು ಇದ್ದೇ ಇತ್ತು.

ಅವರ ಎಡಗಣ್ಣು ಹುಟ್ಟಿನಿಂದಲೇ ಮಂದ. ದುಡಿದು ಹಾಕುತ್ತಿದ್ದದ್ದು ಬಲಗಣ್ಣು. ಮಸೂರ ಸಿಕ್ಕಿಸಿಕೊಳ್ಳುತ್ತಿದ್ದದ್ದೂ ಅದಕ್ಕೇ. ಆ ಕಣ್ಣಿಗೆ ಪೊರೆ ಬಂದು, ಬಲಿತು ಕಲ್ಲಾಯಿತು. ಆಪರೇಷನ್ ಸಲೀಸಾಗಿ ಆಗಲಿಲ್ಲ. ಒಳಗೆ ಹೊಲಿಗೆ ಹಾಕಬೇಕಾಯಿತು. ಪಟ್ಟಿ ಬಿಚ್ಚಿದ ಮೇಲೆಯೇ ಗೊತ್ತಾಗುವುದು, ಸಣ್ಣ ಕೆಲಸಕ್ಕೆ ಕಣ್ಣು ಬರುತ್ತದೋ ಇಲ್ಲವೋ ಈಗಲೇ ಹೇಳಲಾರೆ ಎಂದಿದ್ದರು ಡಾಕ್ಟರು. ಅಲ್ಲಿಯವರೆಗೆ ಬಗ್ಗಬಾರದು, ಭಾರ ಎತ್ತಬಾರದು, ಮೈ ಕುಲುಕಬಾರದು.

ಪಟ್ಟಿ ಬಿಚ್ಚುವ ದಿನ ಬಂತು. ವ್ಯಾನಿನಲ್ಲಿ ಕೂತರೆ ಕಣ್ಣೇನು, ಬಾಯೊಳಗಿನ ಹಲ್ಲೂ ಸಡಿಲವಾಗುತ್ತದೆ. ವಿಷಯ ಕಿವಿಗೆ ಬಿದ್ದದ್ದೇ ತಡ, ತಮ್ಮ ಹಿಂದಿನ ದಿನವೇ ಕಾರು ತಂದು ಬಿಟ್ಟು, ಆಸ್ಪತ್ರೆಗೆ ಹೋಗುವ, ಬರುವ ದಾರಿಯನ್ನೂ ಅದರೊಳಗೆ ಹಾಕಿಕೊಟ್ಟು, ತಾನು ಬಸ್ಸು ಹತ್ತಿ ಹೋಗಿದ್ದ. ಆಪರೇಷನ್ ಆದದ್ದು ಪೇಟೆಯಲ್ಲಿ, ಈಗ ಹೋಗಬೇಕಾದ ಹೊಸ ಆಸ್ಪತ್ರೆ ಊರಾಚೆ ಹೊಸ ರಸ್ತೆಗಳ ನಡುವೆ ಇತ್ತು. ಆ ಡಾಕ್ಟರು ಅಲ್ಲಿಗೆ ಬರುವುದು ವಾರಕ್ಕೊಮ್ಮೆ, ಮಧ್ಯಾಹ್ನದ ಊಟಕ್ಕೆ ಮುಂಚೆ ಹೊರಟೇಬಿಡುತ್ತಾರೆ.

ಕಾರು ಓಡಿಸುವುದು ಅವಳಿಗೇನೂ ಕಷ್ಟವಾಗಲಿಲ್ಲ. ನೀರಿನ ಮೇಲೆ ದೋಣಿ ಹೋದ ಹಾಗೆ ಹೋಗುತ್ತಿತ್ತು. ಗುಂಡಿ ಬಿದ್ದ ರಸ್ತೆಯಲ್ಲೂ ಪಕ್ಕದಲ್ಲಿ ಕೂತ ಗಂಡನ ಭುಜ ಅಲುಗಲಿಲ್ಲ. ಮನಸ್ಸಿನಲ್ಲೇ ತಮ್ಮನಿಗೊಮ್ಮೆ, ಕಾರು ಮಾಡಿದ ಪುಣ್ಯಾತ್ಮರಿಗೊಮ್ಮೆ ಕೈ ಮುಗಿದಳು. ತೊಂದರೆಯೆಲ್ಲ ಮುಂದಿದ್ದ ಗಾಜಿನ ಹಲಗೆಯದು. ಗುಂಡಿ ಎನ್ನುವುದೇ ಇಲ್ಲ, ಎಲ್ಲ ಬರೀ ನುಣುಪು. ತಣ್ಣನೆ ಗಾಳಿ ಕಡಿಮೆ ಮಾಡಲು ಬೆರಳಿಟ್ಟರೆ ಹಾಡು ಜೋರಾಯಿತು. ಹಾಡು ಇಳಿಸಲು ಹೋದರೆ ಸೀಟು ಬಿಸಿಯಾಯಿತು. ಸ್ಟೇರಿಂಗಿನ ಮೇಲೆ ಬೆರಳು ತಾಗಿದ್ದಕ್ಕೇ ಯಾರೋ ಸುದ್ದಿ ಓದತೊಡಗಿದರು, ಮತ್ತೆ ತಾಗಿದರೆ ಹಾಡೇ ಬಂತು. ಗಂಡನ ಕೆನ್ನೆ ಬಿಗಿಯಿತು. ನಗು ತಡೆಯುತ್ತಿದ್ದಾರೆಂದು ಅವಳಿಗೆ ತಿಳಿಯಿತು.

"ನಗಿಸ್ಬೇಡ ಮಾರಾಯ್ತಿ," ಎಂದರು. "ಹೊಲಿಗೆ ಬಿಚ್ಚುತ್ತೆ."

ಅಷ್ಟರಲ್ಲಿ ಅವಳಿಗೆ ಮನೆಯ ಒಲೆ ನೆನಪಾಯಿತು. "ಏನ್ರೀ, ಹಾಲಿನ ಪಾತ್ರೆ ಮುಚ್ಚಿ ಬಂದ್ರಾ?"

ಟಿಣ್. "ಹೇಳಿ, ಕೇಳಿಸಿಕೊಳ್ಳುತ್ತಿದ್ದೇನೆ. ಪಾತ್ರೆ ಅಂಗಡಿಗಳು ಸಿಕ್ಕಿವೆ. ಹತ್ತಿರದ ಅಂಗಡಿಗೆ ಹೋಗೋಣವೇ?"

"ಹೂಂ," ಎಂದರು ಗಂಡ, ಹೆಂಡತಿ ಕೇಳಿದ್ದಕ್ಕೆ.

ಮದುವೆಯಾದಾಗಿನಿಂದ ಕೇಳಿದ ಹೊತ್ತಿಗೆ ಸಿಗದಿದ್ದ ಹೂಂ ಆವತ್ತು ಸಿಕ್ಕಿತು. ಅದನ್ನು ಕಾರು ತೆಗೆದುಕೊಂಡುಬಿಟ್ಟಿತು. ಹಾಡಿನ ಗಲಾಟೆಯಲ್ಲಿ ಅದರ ಅಂಗಡಿಯ ಮಾತು ಇಬ್ಬರಿಗೂ ಸರಿಯಾಗಿ ಕೇಳಿರಲಿಲ್ಲ. ಹಲಗೆಯ ಮೇಲೆ ದಾರಿ ತೋರಿಸುತ್ತಿದ್ದ ನೀಲಿ ಗೆರೆ ಮೆತ್ತಗೆ ಮಗ್ಗುಲು ಬದಲಿಸಿತು. ಗೊತ್ತಿಲ್ಲದ ರಸ್ತೆ, ಬಾಣ ತೋರಿಸಿದ ಕಡೆ ವ್ಯಾನಮ್ಮ ತಿರುಗಿಸುತ್ತ ಹೋದಳು. ಕೊನೆಗೆ ಕಾರು, "ನೀವು ತಲುಪಿದ್ದೀರಿ" ಎಂದಾಗ ಎದುರಿಗಿದ್ದದ್ದು ಆಸ್ಪತ್ರೆಯಲ್ಲ. ಬಾಗಿಲ ತುಂಬ ಸ್ಟೀಲಿನ ಡಬರಿ, ಬಕೆಟ್ಟು ನೇತುಹಾಕಿದ ಗೋದಾಮು. ಒಳಗಿನಿಂದ ಬಂದ ಮಾಲೀಕ ಅಷ್ಟು ದೊಡ್ಡ ಕಾರು ನೋಡಿ, ಸಗಟು ವ್ಯಾಪಾರವೇ ಇರಬೇಕೆಂದು ಕಾರಿನ ಬಾಗಿಲು ತೆರೆಯಲು ಓಡಿ ಬಂದ.

ಅವನಿಗೆ ಸಮಾಧಾನ ಹೇಳಿ ಕಳಿಸಿ ಅವಳು ಹಲಗೆಯ ಮೇಲೆ ಬಿದ್ದಳು. ಒಂದು ಚಿತ್ರ ಒತ್ತಿದರೆ ನಾಲ್ಕು ಚಿತ್ರ, ಅದರಲ್ಲೊಂದನ್ನು ಒತ್ತಿದರೆ ಮತ್ತೆ ನಾಲ್ಕು. ಆಸ್ಪತ್ರೆ ಎಲ್ಲಿ ಅಡಗಿದೆಯೋ. "ಏನ್ರೀ, ಹೊತ್ತಾಯ್ತಲ್ರೀ" ಎಂದು ಬಾಯಿಗೆ ಬಂದದ್ದು ಬಂದೇಬಿಟ್ಟಿತು. ಕಾರು ಹೊತ್ತು ಎಷ್ಟಾಯಿತೆಂದು ವಿನಯದಿಂದ ತಿಳಿಸಿತು. ಇದ್ದಲ್ಲಿ ಇರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು, ವ್ಯಾನಿನಲ್ಲೇ ನಿಧಾನವಾಗಿ ಬಂದಿದ್ದರೂ ಆಗುತ್ತಿತ್ತು ಎಂದು ಅವಳಿಗೆ ಅಳುವೇ ಬಂತು.

ತಮ್ಮನಿಗೆ ಫೋನ್ ಮಾಡಿದಳು. ಅವನ ದನಿ ಫೋನಿನಿಂದ ಬರಲಿಲ್ಲ. ಕಾರಿನ ನಾಲ್ಕೂ ಮೂಲೆಯಿಂದ ಬಂತು. ಪಾತ್ರೆ ಅಂಗಡಿ ಎಂದದ್ದೇ ಅವನು ನಗತೊಡಗಿದ. ಅಕ್ಕನ ದನಿಯಲ್ಲಿ ನಗುವಿಲ್ಲವೆಂದು ತಿಳಿದು ತಟ್ಟನೆ ನಿಲ್ಲಿಸಿ, ಆಸ್ಪತ್ರೆಯ ದಾರಿ ಮತ್ತೆ ಬರಲು ಎಲ್ಲಿ ಒತ್ತಬೇಕೆಂದು ಒಂದೊಂದಾಗಿ ಹೇಳಿಕೊಟ್ಟ. ನೀಲಿ ಗೆರೆ ಬಂತು. ಹೆಸರು ಬದಲಾಯಿಸಲು ಅದರ ಗುಟ್ಟಿನ ಅಂಕಿ ಬೇಕು, ಅದು ತನಗೂ ಮರೆತುಹೋಗಿದೆ ಎಂದು ತಪ್ಪೊಪ್ಪಿಕೊಂಡ.

"ತಲುಪೋ ತನಕ ಭಾವನ್ನ ಹಾಗೆ ಕರೀಬೇಡ ಅಕ್ಕಾ, ಅಷ್ಟೇ ಉಪಾಯ."

"ಮತ್ತೆ ಹೇಗೆ ಕರೀಲೋ?"

"ಭಾವನಿಗೂ ಒಂದು ಹೆಸರಿದೆಯಲ್ಲ."

ಅದನ್ನು ಮದುವೆಯಾದ ಮೇಲೆ ಅವಳು ಬಾಯಿ ಬಿಟ್ಟು ಹೇಳಿದವಳೇ ಅಲ್ಲ. ಈಗ ಹೇಳೋಣವೆಂದು ಬಾಯಿ ತೆರೆದಳು, ಪರಪುರುಷನನ್ನು ಕರೆದ ಹಾಗೆ ಅನಿಸಿ ಮುಚ್ಚಿಕೊಂಡಳು. ಹಾಡನ್ನು ಅಡಗಿಸಲು ಗಾಜಿನ ಮೇಲೆ ಬೆರಳನ್ನು ಕೆಳಗೆ ಎಳೆದಳು. ಹಾಡಿನ ಜೊತೆಗೆ ದಾರಿ ಹೇಳುವ ದನಿಯೂ ಸತ್ತಿತು. ಮತ್ತೆ ಎಬ್ಬಿಸಲು ಧೈರ್ಯವಾಗಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಹೊರಟಳು.

ರಸ್ತೆ ನೋಡಿದರೆ ಗೆರೆ ಕಾಣದು, ಗೆರೆ ನೋಡಿದರೆ ಎದುರಿನ ಲಾರಿ ಕಾಣದು. ಆಗ ಪಕ್ಕದಿಂದ ಮಾತು ಬಂತು.

"ನೀನು ರಸ್ತೆ ನೋಡು. ಗೆರೆ ನಾನು ನೋಡ್ತೀನಿ."

ಅವರ ಮಂದಗಣ್ಣಿಗೆ ಅಕ್ಷರ ಕಾಣದಿದ್ದರೂ ದಪ್ಪ ನೀಲಿ ಕಾಣುತ್ತಿತ್ತು. ತಲೆ ಬಗ್ಗಿಸದೆ, ನೆಟ್ಟಗೆ ಕೂತು, ಅದು ಬಾಗುವುದನ್ನೇ ನೋಡುತ್ತಿದ್ದರು. ಇನ್ನೂ ಇದೆ, ಇನ್ನೂ ಇದೆ, ಈಗ ಎಡಕ್ಕೆ. ದೊಡ್ಡ ತಿರುವು, ಮೆಲ್ಲಗೆ. ಮುಂದೆ ನೇರ. ಅವಳು ಮಾತಿಲ್ಲದೆ ಅವರು ಹೇಳಿದಂತೆ ತಿರುಗಿಸಿದಳು. ಅವರು ಹೀಗೆ ಒಂದೇ ಸಮನೆ ಇಷ್ಟು ಮಾತಾಡಿದ್ದನ್ನು ಅವಳು ಕೇಳಿದ್ದೇ ಇಲ್ಲ. ನೇರ ರಸ್ತೆ ಬಂತು. ಹೇಳಲು ತಿರುವಿರಲಿಲ್ಲ. ಆದರೂ ಅವರು ನಿಲ್ಲಿಸಲಿಲ್ಲ.

"ಈ ಕಾರನ್ನು ನೋಡಿ ನಾಚಿಕೆ ಆಯ್ತು ಕಣೇ. ನೀನು ಕರೆದ ತಕ್ಷಣ, ಹೇಳಿ, ಕೇಳಿಸಿಕೊಳ್ಳುತ್ತಿದ್ದೇನೆ ಅನ್ನುತ್ತೆ. ನಾನು ಒಂದು ದಿನ ಹಾಗಂದಿದೀನಾ?"

ಏನು ಹೇಳಹೊರಟರೂ ಅವಳ ಬಾಯಿಗೆ ಮೊದಲು ಏನ್ರೀ ಎಂಬ ಪದವೇ ಬರುತ್ತಿತ್ತು.

ಆಗ ಅವರು ಹೇಳಿದ್ದು ತಮ್ಮ ಕೆಲಸದ ಮಾತು. ಕೈಗಡಿಯಾರ ಬಿಚ್ಚಿ ಬಿಳಿ ಕಾಗದದ ಮೇಲೆ ಹರಡಿದಾಗ ಅದರ ತಿರುಪುಗಳು ಗಸಗಸೆಗಿಂತ ಸಣ್ಣವು. ಬಾಯಿ ತೆರೆದರೆ ಸಾಕು, ಉಸಿರಿಗೇ ಹಾರಿಹೋಗುತ್ತವೆ. ಹಾರಿದ್ದು ಮತ್ತೆ ಸಿಗುವುದಿಲ್ಲ. ಕೆಲಸ ಕಲಿಯುವಾಗ ಒಮ್ಮೆ ಹಾಗೆ ಕಳೆದು, ಕಲಿಸುವವರ ಕೈಯಲ್ಲಿ ಕಿವಿ ತಿರುಪಿಸಿಕೊಂಡ ಮೇಲೆ, ಯಾರು ಕರೆದರೂ ತುಟಿ ಬಿಗಿಹಿಡಿಯುವುದು ರೂಢಿಯಾಯಿತು. ಅಂಗಡಿಯ ರೂಢಿ ಮನೆಗೂ ಬಂತು. ಬಾಗಿಲು ದಾಟಿದರೂ ಎದುರಿಗೆ ತಿರುಪು ಹರಡಿದ ಹಾಗೇ ಇರುತ್ತಿತ್ತು.

"ಕೇಳಿಸ್ತಿತ್ತು," ಎಂದರು. "ನೀನು ಹೇಳಿದ್ದೆಲ್ಲ ಕೇಳಿಸ್ತಿತ್ತು. ವ್ಯಾನಲ್ಲಿ ಯಾವ ಮಗು ವಾಂತಿ ಮಾಡ್ತು, ಯಾವುದು ನಿನ್ನ ಸೆರಗು ಹಿಡ್ಕೊಂಡು ಇಳಿಯೋಲ್ಲ ಅಂತು, ಎಲ್ಲಾ. ಈ ನಾಲ್ಕು ದಿನ ಕಣ್ಣು ಕಟ್ಟಿ ಕೂತಾಗ ನನಗೆ ಇದ್ದದ್ದು ಅದೊಂದೇ. ಕಣ್ಣು ಬಂದರೆ ಅಂಗಡಿ. ಬರದಿದ್ದರೆ, ನಿನ್ನ ವ್ಯಾನಲ್ಲಿ ಮಕ್ಕಳನ್ನ ಹತ್ತಿಸಿ ಇಳಿಸೋಕೆ ಒಬ್ಬ ಬೇಕಲ್ವಾ?"

ಅವಳು ಬೆರಳ ಹಿಂಬದಿಯಿಂದ ಕಣ್ಣು ಒರೆಸಿಕೊಂಡಳು.

"ಬಲಕ್ಕೆ," ಎಂದರು ಅವರು. "ಅಳೋದಾದರೆ ತಿರುಗಿಸಿದ ಮೇಲೆ ಅಳು."

ಇಬ್ಬರೂ ತಲುಪಿದಾಗ ಡಾಕ್ಟರು ಚೀಲ ಹೆಗಲಿಗೇರಿಸಿಕೊಂಡು ಬಾಗಿಲಲ್ಲಿದ್ದರು. ವ್ಯಾನಮ್ಮ ದಾರಿಗೆ ಅಡ್ಡ ನಿಂತು ಪಾತ್ರೆ ಅಂಗಡಿಯ ಕತೆಯನ್ನು ತೊದಲುತ್ತ ಹೇಳಿದಳು. ಅವರು ಎಷ್ಟು ನಂಬಿದರೋ, ಅಂತೂ ಚೀಲ ಇಳಿಸಿದರು. ಊಟ ಓಡಿಹೋಗುವುದಿಲ್ಲ ಎಂದು ದೀಪ ಹಾಕಿದರು. ಅದಕ್ಕಾಗಿ ಅವಳು ಅವರನ್ನು ಎಂದೂ ಮರೆಯಲಿಲ್ಲ.

ಪಟ್ಟಿ ಬಿಚ್ಚಿದರು. ಮಂದಗಣ್ಣನ್ನು ಅಂಗೈಯಿಂದ ಮುಚ್ಚಿಸಿ, ಎದುರು ಗೋಡೆಯ ಅಕ್ಷರ ಓದಲು ಹೇಳಿದರು. ಮೊದಲ ಸಾಲಿನ ದಪ್ಪ ಅಕ್ಷರ ಬಂತು. ಎರಡನೆಯದು, ಮೂರನೆಯದು ಬಂತು. ಆಮೇಲೆ ತಡೆತಡೆದು, ಕೊನೆಯಿಂದ ಎರಡನೆಯ ಸಾಲೂ ಬಂತು. ಕೊನೆಯದು ಬರಲಿಲ್ಲ.

ಡಾಕ್ಟರು ಬಹಳ ಹೊತ್ತು ಕಣ್ಣೊಳಗೆ ಇಣುಕಿ ನೋಡಿ, ಹೊಲಿಗೆ ಕೂಡಿದೆ ಎಂದರು. ಗಾಯ ಪೂರ್ತಿ ಮಾಗಿದ ಮೇಲೆ ಗೋಡೆ ಗಡಿಯಾರ, ಮೇಜಿನ ಗಡಿಯಾರ ಬಿಚ್ಚಬಹುದು. ಕೈಗಡಿಯಾರದಂಥ ಸಣ್ಣದಕ್ಕೆ ಕಣ್ಣು ಇನ್ನು ಒಗ್ಗಲಾರದು. ಬೇರೆ ಯಾರಿಗಾದರೂ ಬಿಡಬೇಕು. ಗಂಡ ತಲೆಯಾಡಿಸಿದರು. ಗೋಡೆ ಗಡಿಯಾರದ ತಿರುಪು ದೊಡ್ಡವು, ಉಸಿರಿಗೆ ಹಾರುವುದಿಲ್ಲ ಎಂದು ಡಾಕ್ಟರಿಗೆ ಹೇಳಿದರು. ಅದೇಕೆ ಹೇಳಿದರೆಂದು ಡಾಕ್ಟರಿಗೆ ಅರ್ಥವಾಗಲಿಲ್ಲ. ವ್ಯಾನಮ್ಮನಿಗೆ ಆಯಿತು.

ಕಪ್ಪು ಕನ್ನಡಕ ಹಾಕಿಕೊಂಡು ಕಾರಿನಲ್ಲಿ ಕೂತ ಅವರು ಆಸ್ಪತ್ರೆಯ ಗೇಟು ದಾಟುವ ಮೊದಲೇ ಶುರುಮಾಡಿದರು. ಗೇಟಿನ ಮುಂದೆ ಗಾಡಿ ನಿಲ್ಲಿಸಬಾರದು. ಇಲ್ಲಿ ಪಂಕ್ಚರ್ ಹಾಕಲಾಗುವುದು. ಬೀಗದ ಕೈ ಮಾಡಿಕೊಡುತ್ತೇವೆ. ಬಾಡಿಗೆಗೆ ಕೋಣೆ ಇದೆ, ಸಂಸಾರಸ್ಥರಿಗೆ ಮಾತ್ರ. ರಸ್ತೆಯ ಎರಡೂ ಬದಿಯ ಬೋರ್ಡುಗಳನ್ನು, ಹೊಸದಾಗಿ ಅಕ್ಷರ ಕಲಿತ ಮಗುವಿನಂತೆ, ಒಂದೂ ಬಿಡದೆ ಗಟ್ಟಿಯಾಗಿ ಓದುತ್ತ ಹೋದರು.

ಮುಂದೆ ರಸ್ತೆ ಕವಲೊಡೆಯಿತು. ನೀಲಿ ಗೆರೆ ಎಡಕ್ಕೆ, ಅಂಗಡಿ, ಬೋರ್ಡು ಏನೂ ಇಲ್ಲದ ಖಾಲಿ ರಸ್ತೆಗೆ ಕರೆಯಿತು. ಮನೆಗೆ ಅದೇ ಹತ್ತಿರ. ವ್ಯಾನಮ್ಮ ಪೇಟೆಯ ಕಡೆಗೆ ತಿರುಗಿಸಿದಳು.