ಹಂಚಿನ ಮೇಲೆ ಬಿಟ್ಟ ರೊಟ್ಟಿ

ರೊಟ್ಟಿಯ ಮೇಲೆ ನನ್ನ ಐದೂ ಬೆರಳು ಮೂಡಿವೆ, ನೀರು ಸವರಿದರೂ ಅಳಿಯುವುದಿಲ್ಲ, ಈ ರೊಟ್ಟಿ ಹೈದರಾಬಾದಿಗೆ ಹೋಗುತ್ತದೆ, ಬಡಿದ ನಾನು ಮಾತ್ರ ಹುಮನಾಬಾದಿನ ಈ ಮಠದ ಅಂಗಳ ದಾಟುವುದಿಲ್ಲ — ಕಸ್ತೂರಿ, ನೀ ರೊಟ್ಟಿ ಬಡಿ, ಘೋಷಣಾ ಕೂಗೋದು ನಮಗ ಬಿಡು, ಅಂದರು ಯಜಮಾನರು, ಬಸವಣಪ್ಪನವರು, ರೈತ ಸಂಘದ ಹಸಿರು ಟವೆಲನ್ನು ಮದುಮಗನ ಹಾಗೆ ಹೆಗಲಿಗೇರಿಸಿಕೊಂಡು, ನಗು ಬಂದಿತ್ತು, ಸಿಟ್ಟೂ ಬಂದಿತ್ತು, ಅಲ್ಲಿ ದೊಡ್ಡ ದೊಡ್ಡ ದೇಶದವರು ವ್ಯಾಪಾರದ ಸಭೆ ಕೂಡುತ್ತಾರಂತೆ, ಹೊರಗಿನ ತೊಗರಿ ಹಡಗುಗಟ್ಟಲೆ ಬರುತ್ತದಂತೆ, ಊರಿಗೆ ಊರೇ ಸುಣ್ಣಬಣ್ಣ ಬಳಿದುಕೊಂಡು ರಸ್ತೆಗೆಲ್ಲ ಬೇಲಿ ಹಾಕಿಸಿಕೊಂಡಿದೆ ಎಂದರು ಹೆದ್ದಾರಿಯ ಲಾರಿಯವರು, ಬೇಲಿ ಯಾರಿಗೆ, ನಮಗೇನು, ನೋಡಬೇಕು, ಒಮ್ಮೆಯಾದರೂ ಕಣ್ಣಾರೆ ನೋಡಬೇಕು, ತೊಗರಿ ಬಿತ್ತಿಸಿದವಳು ನಾನು, ರಾಶಿ ಮಾಡಿಸಿದವಳು ನಾನು, ಮಾತಾಡಲು ಹೋಗುವವರು ಹೊಲದ ಕಡೆ ತಲೆಹಾಕದೆ ಕಿರಾಣಿ ಅಂಗಡಿಯಲ್ಲೇ ಕೂರುವ ನಮ್ಮ ಯಜಮಾನರು — ಪಕ್ಕದ ಒಲೆಯಿಂದ ಮುಕ್ತಾಬಾಯಿ ಹಿಟ್ಟಿನ ಕೈಯಲ್ಲೇ ಚಿವುಟುತ್ತಾಳೆ, ಅಕ್ಕಾರ, ಲಾರ್ಯಾಗ ನಿಮಗೊಂದು ಜಾಗಾ ಹಿಡದೀನಿ, ನಿರ್ಣಾ ಹಳ್ಳಿಯಿಂದ ಕೂಲಿ ಹೆಂಗಸರನ್ನು ಕಟ್ಟಿಕೊಂಡು ಬಂದವಳು, ಅವಳನ್ನು ತಡೆಯುವವರಿಲ್ಲ, ನನಗೆ ಹೊಟ್ಟೆಕಿಚ್ಚು, ಸುಳ್ಳೇಕೆ.

ಬಸ್ಸು, ಬಸ್ಸು ಬಂತು, ಬಸವಕಲ್ಯಾಣದವರು ಬಂದರು, ಪಂಕ್ತಿ ಹಾಕಿರಿ — ಕಂಡಕ್ಟರುಗಳ ಸಂಘವೂ ಬರುತ್ತದೆ ಎಂದು ಯಾರೋ ಹೇಳಿದ್ದರು, ಖಾಕಿ ಬಟ್ಟೆಯವರು ಇಳಿದದ್ದೇ ನಾವು ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದ್ದೇ, ಇಲ್ಲಿ ಎಲೆ ಹಾಕಿದ ಮೇಲೆ ಯಾರು ಎತ್ತ ಎಂದು ಕೇಳುವ ರೂಢಿಯಿಲ್ಲ, ಪಾಪ, ಹಸಿದಿದ್ದರು, ಇನ್ನೊಂದು ಹಾಕವ್ವ ಅಂದರು, ಹಾಕಿದೆ, ಕೈ ತೊಳೆಯಲು ಎದ್ದಾಗ ಗೋಡೆಗೆ ಸಾಲಾಗಿ ಒರಗಿಸಿದ ಲಾಠಿಗಳು ಕಂಡವು, ಯಜಮಾನರು ಓಡಿ ಬಂದು ಪಿಸುಗುಟ್ಟಿದರು, ಕಸ್ತೂರಿ, ಇವ್ರು ನಮ್ಮನ್ನ ತಡೀಲಾಕ ಬಂದೋರು, ಮುಕ್ತಾಬಾಯಿ ಸೆರಗು ಬಾಯಿಗೊತ್ತಿ ನಕ್ಕು ನಕ್ಕು ಹಿಟ್ಟಿನ ಪರಾತದ ಮೇಲೇ ಬಿದ್ದಳು, ನನಗೂ ತಡೆಯಲಾಗಲಿಲ್ಲ, ಅವರ ದೊಡ್ಡ ಸಾಹೇಬರು ತೇಗಿ, ಇದೆಲ್ಲ ಯಾರಿಗಂತ ಮಾಡಿದ್ರಿ ತಾಯಿ, ಎಂದು ಕೇಳಿದರು, ನೀವು ತಡೀಲಾಕ ಬಂದೀರಲಾ, ಅವ್ರಿಗ್ರಿ, ಅಂದೆ, ಅಷ್ಟು ಧೈರ್ಯ ಎಲ್ಲಿತ್ತೋ, ಸಾಹೇಬರು ಗಂಡಸರ ಸಾಲನ್ನು ನೋಡಿದರು, ಮೀಸೆಗಂಟಿದ ಹಿಂಡಿ ಒರೆಸಿಕೊಂಡರು, ಹಸರ ಟವೆಲ್‌ನೋರನ್ನ ವಾಪಸ್ ಕಳಸಂತ ಹುಕುಂ ಅದ ತಾಯಿ, ರೊಟ್ಟಿ ಒಯ್ಯೋರ ಬಗ್ಗೆ ನಮಗ ಯಾರೂ ಏನೂ ಹೇಳಿಲ್ಲ.

ಯಾರೂ ಏನೂ ಹೇಳಿಲ್ಲ — ಮುಕ್ತಾಬಾಯಿ ಬುಟ್ಟಿ ಎತ್ತಿದಳು, ಅವಳ ಹೆಂಗಸರೆಲ್ಲ ಎತ್ತಿದರು, ನಾನೂ ಎತ್ತಿದೆ, ಯಜಮಾನರು ಹೆಗಲ ಟವೆಲ್ ಹಿಡಿದು ನಿಂತೇ ಇದ್ದಾರೆ, ಹಂಚಿನ ಮ್ಯಾಲ ರೊಟ್ಟಿ ಅದಲಾ, ಅಂದರು, ನೀವ ತಿರುವ್ರಿ, ಅಂದೆ, ಅಂದುಬಿಟ್ಟೆ, ಮೂವತ್ತು ವರ್ಷದಲ್ಲಿ ಮೊದಲ ಸಲ, ಈಗ ಲಾರಿ ಓಡುತ್ತಿದೆ, ಗಾಳಿಗೆ ಸೆರಗು ನಿಲ್ಲುತ್ತಿಲ್ಲ, ಮುಕ್ತಾಬಾಯಿ ಕೂಗುತ್ತಾಳೆ, ನಾನೂ ಕೂಗುತ್ತೇನೆ, ಗಂಟಲು ನನ್ನದೇನಾ, ಹೈದರಾಬಾದಿನ ಬೇಲಿ ಇನ್ನೂ ದೂರ, ಕಣ್ಣ ಮುಂದೆ ಮಾತ್ರ ಅದೇ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಅಂಚು ಹಿಡಿಯಲು ಹೋಗಿ, ಬೆರಳು ಸುಟ್ಟುಕೊಂಡು, ಊದಿಕೊಂಡು, ಮತ್ತೆ ಹಿಡಿಯಲು ಹೋಗುವ ಅವರು, ಹಂಚಿನ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ನನ್ನ ಐದು ಬೆರಳು, ಉಬ್ಬುತ್ತಿದೆ, ಉಬ್ಬುತ್ತಿದೆ —