ಕಿರಿಸೊಸೆ ಅಳುವ ಕಂಬ

ಮೈಕಮ್ಮ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ರೈಲ್ವೆ ನಿಲ್ದಾಣ ಕೊಟ್ಟದ್ದು. ಯಾವ ಗಾಡಿ ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಯಾವುದು ಎಷ್ಟು ತಡ ಎಂದು ಮೈಕಿನಲ್ಲಿ ಹೇಳುತ್ತ ಹೇಳುತ್ತಲೇ ಆಕೆಯ ಆಯುಷ್ಯದ ದೊಡ್ಡ ಪಾಲು ಕಳೆದಿತ್ತು. ನಿವೃತ್ತಿಯಾದಾಗ ಮೈಕು ಅಲ್ಲೇ ಉಳಿಯಿತು, ದನಿ ಮಾತ್ರ ಜೊತೆಯಲ್ಲಿ ಮನೆಗೆ ಬಂತು. ಆಕೆ ಗುಟ್ಟು ಹೇಳಲು ಹೊರಟರೆ ಪಕ್ಕದ ಬೀದಿಯವರೂ ಕಿವಿ ನಿಮಿರಿಸುತ್ತಿದ್ದರು.

ಸೊಸೆ ಇದಕ್ಕೆ ತದ್ವಿರುದ್ಧ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಮೂಳೆಗಳ ಜೊತೆ ಇದ್ದೂ ಇದ್ದೂ ಮಾತು ಮರೆತಿದ್ದಾಳೇನೋ ಎಂಬಂತಿದ್ದಳು. ಅತ್ತೆ ಸೊಸೆಯರಿಗೆ ಜಗಳವಿತ್ತೆಂದಲ್ಲ. ಜಗಳವಾಡುವುದಕ್ಕೂ ಒಂದಿಷ್ಟು ಸಲಿಗೆ ಬೇಕಲ್ಲ, ಅದಿರಲಿಲ್ಲ. ಇಬ್ಬರನ್ನೂ ಒಂದೇ ಸೋಫಾದ ಮೇಲೆ ಕೂರಿಸುತ್ತಿದ್ದುದು ಸಂಜೆಯ ಧಾರಾವಾಹಿ ಮಾತ್ರ.

ಹಳೇ ಕಾಲದ ದೊಡ್ಡ ಮನೆತನವೊಂದರ ಕಥೆ ಅದು. ಕುದುರೆಗಾಡಿ, ಲಾಂದ್ರ, ನೆಲ ಗುಡಿಸುವಷ್ಟು ಉದ್ದದ ಉಡುಪು. ಉಕ್ಕಿನಂಥ ಅತ್ತೆ, ಬೆಣ್ಣೆಯಂಥ ಕಿರಿಸೊಸೆ. ಮೈಕಮ್ಮ ಆ ಅತ್ತೆಯ ಪಕ್ಷ, ಸೊಸೆ ಆ ಕಿರಿಸೊಸೆಯ ಪಕ್ಷ. ಒಬ್ಬರಿಗೊಬ್ಬರು ಹೇಳಲಾಗದ್ದನ್ನೆಲ್ಲ ಇಬ್ಬರೂ ಟಿವಿಯವರಿಗೆ ಹೇಳುತ್ತಿದ್ದರು.

"ಒದ್ದೆ ಟವೆಲ್ ಮಂಚದ ಮೇಲೆ ಎಸೆಯೋಳಿಗೆ ಇಷ್ಟು ಬೈದ್ರೆ ಸಾಲದು," ಎಂದು ಮೈಕಮ್ಮ ಗುಡುಗುವಳು. ಧಾರಾವಾಹಿಯಲ್ಲಿ ಟವೆಲ್ಲಿನ ಸುದ್ದಿಯೇ ಇರುತ್ತಿರಲಿಲ್ಲ.

"ಬೇರೆಯವರು ಫೋನಲ್ಲಿ ಮಾತಾಡೋದನ್ನ ಬಾಗಿಲ ಹಿಂದೆ ನಿಂತು ಕೇಳೋರಿಗೆ ಹಾಗೇ ಆಗ್ಬೇಕು," ಎಂದು ಸೊಸೆ ಮೆಲ್ಲಗೆ ಉಸುರುವಳು. ಕಥೆ ನಡೆಯುವ ಕಾಲಕ್ಕೆ ಫೋನು ಇನ್ನೂ ಹುಟ್ಟಿರಲಿಲ್ಲ.

ನಡುವೆ ಸಿಕ್ಕಿ ಹಣ್ಣಾಗಿದ್ದವನು ಮಗ. ಧಾರಾವಾಹಿಯ ಚಿತ್ರೀಕರಣ ನಡೆಯುವ ಹಳೇ ಮನೆಯನ್ನು ಶೂಟಿಂಗ್ ಇಲ್ಲದ ದಿನಗಳಲ್ಲಿ ಜನರಿಗೆ ತೋರಿಸುತ್ತಾರೆಂದು ಅವನಿಗೆ ಹೇಗೋ ಗೊತ್ತಾಯಿತು. ಓಡಿಹೋಗಿ ಟಿಕೆಟ್ ತಂದ. "ಎರಡೇ ಸಿಕ್ತಮ್ಮ. ನೀವಿಬ್ಬರೇ ಹೋಗ್ಬನ್ನಿ," ಎಂದ ಅವನ ಮುಖದಲ್ಲಿ ಬೇಜಾರಿನ ಎಳೆಯೂ ಇರಲಿಲ್ಲ.

ಮನೆಯ ಮುಂದೆ ಬಸ್ಸಿಳಿದ ಕೂಡಲೇ ಮೈಕಮ್ಮನಿಗೆ ಮೊದಲ ನಿರಾಸೆ. "ಇಷ್ಟೇನಾ ಅಂಗಳ? ಇಲ್ಲಿ ಆರು ಕುದುರೆ ಓಡ್ತಿದ್ವಲ್ಲೇ! ಒಂದು ಕತ್ತೆ ಹಿಂದಕ್ಕೆ ತಿರುಗಿಕೊಳ್ಳೋಕೂ ಜಾಗ ಇಲ್ಲ!"

ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸೊಸೆ ತನಗೂ ಈ ಹೆಂಗಸಿಗೂ ಸಂಬಂಧವೇ ಇಲ್ಲವೆಂಬಂತೆ ಕಿಟಕಿಯ ಕೆತ್ತನೆ ನೋಡತೊಡಗಿದಳು.

ಕೆಂಪು ಕೊಡೆ ಎತ್ತಿ ಹಿಡಿದ ಗೈಡಮ್ಮ ಎಲ್ಲರನ್ನೂ ಒಳಗೆ ಕರೆದೊಯ್ದಳು. ಹಿರಿಮಗ ಜಾರಿ ಬಿದ್ದ ಮೆಟ್ಟಿಲು, ಹಾಲಿಗೆ ವಿಷ ಬೆರೆಸಿದ ಮೇಜು, ಉಕ್ಕಿನತ್ತೆ ಕೂತು ಕಣ್ಣು ಕೆಕ್ಕರಿಸುವ ಎತ್ತರದ ಕುರ್ಚಿ. ಮೇಜಿನ ಬಳಿ ಹಳೇ ಸ್ವೆಟರು ತೊಟ್ಟ ಮುದುಕರೊಬ್ಬರು ಪತ್ರಿಕೆ ಓದುತ್ತ ಕೂತಿದ್ದರು.

"ನೀವು ಯಾವ ಕಂತಲ್ಲಿ ಬರ್ತೀರಿ ಸರ್?" ಎಂದು ಯಾರೋ ಕೇಳಿದರು.

"ನಾನು ಕಂತಲ್ಲಿ ಬಂದೋನಲ್ಲಪ್ಪ, ಇಲ್ಲೇ ಹುಟ್ಟಿದೋನು. ಇದು ನನ್ನ ಮನೆ," ಎಂದು ಯಜಮಾನರು ತಲೆಯೆತ್ತದೆ ಹಾಳೆ ಮಗುಚಿದರು.

ಕೇಳಿದವರಿಗೆ ನಿರಾಸೆಯಾಯಿತು. ಮನೆ ಯಾರದಾದರೆ ಯಾರಿಗೇನು! ಎಲ್ಲರೂ ಕಾದಿದ್ದುದು ನಡುಮನೆಯ ಕೊನೆಯಲ್ಲಿದ್ದ ಕಂಬಕ್ಕಾಗಿ. ಕಿರಿಸೊಸೆ ವಾರಕ್ಕೆ ಮೂರು ಸಲವಾದರೂ ಕೆನ್ನೆಯಿಟ್ಟು ಅಳುತ್ತಿದ್ದ ಕಂಬ ಅದು. ಅದಕ್ಕೊರಗಿ, ಅಳುಮುಖ ಮಾಡಿ, ಫೋಟೋ ತೆಗೆಸಿಕೊಳ್ಳಲು ಉದ್ದನೆಯ ಸಾಲೇ ನಿಂತಿತ್ತು.

ಸರದಿ ಬಂದಾಗ ಸೊಸೆ ನಾಚಿಕೊಂಡೇ ಹೋಗಿ ಕಂಬಕ್ಕೆ ಕೆನ್ನೆಯಿಟ್ಟಳು. ಮೈಕಮ್ಮ ಫೋನು ಹಿಡಿದು ನಿಂತಳು.

"ಅಳು."

ಸೊಸೆ ತುಟಿ ಸೊಟ್ಟ ಮಾಡಿದಳು.

"ಅದೇನದು, ಹಲ್ಲುನೋವಿನ ಥರ! ಸರಿಯಾಗಿ ಅಳು! ಹೊಟ್ಟೆಯೊಳಗಿಂದ ಬರ್ಲಿ!"

ಆ ಕೂಗಿಗೆ ಸೊಸೆಗೆ ನಗು ಉಕ್ಕಿತು. ತಡೆದಷ್ಟೂ ಹೆಚ್ಚಾಯಿತು. ಸಾಲಿನವರು ಗೊಣಗತೊಡಗಿದರು.

"ಜರುಗು ಅತ್ಲಾಗೆ. ಅಳೋದು ಹೇಗೆ ಅಂತ ನಾನು ತೋರಿಸ್ತೀನಿ." ಮೈಕಮ್ಮ ಫೋನನ್ನು ಸೊಸೆಯ ಕೈಗೆ ತುರುಕಿ, ಎರಡೂ ತೋಳುಗಳಿಂದ ಕಂಬವನ್ನು ಬಾಚಿ ತಬ್ಬಿ, ತನ್ನ ಇಡೀ ಮೈಭಾರವನ್ನು ಅದರ ಮೇಲೆ ಬಿಟ್ಟು, "ಅಯ್ಯೋ ನನ್ನ ಹಣೆಬರಹವೇ!" ಎಂದಳು.

ಕಂಬ ಟಕ್ಕೆಂದಿತು. ಮೈಕಮ್ಮ ಬೆಚ್ಚಿ ಕೈಬಿಟ್ಟು ಪಕ್ಕಕ್ಕೆ ಸರಿದಳು. ತಪ್ಪಾದದ್ದು ಅಲ್ಲೇ. ಕಂಬ ಒಮ್ಮೆ ತೂಗಿತು, ಬೀಳಲೋ ಬೇಡವೋ ಎಂದು ಯೋಚಿಸಿತು, ಕೊನೆಗೆ ತನ್ನ ಹಿಂದಿದ್ದ ಹಳದಿ ಗೋಡೆಯನ್ನೂ ಎಳೆದುಕೊಂಡು, ಎದುರಿಗೆ ಫೋನು ಹಿಡಿದು ನಿಂತಿದ್ದ ಸೊಸೆಯ ಮೇಲೇ ಬಿತ್ತು.

ಜನ ಚೀರಿದರು. ಆದರೆ ಕಂಬ ಥರ್ಮಾಕೋಲಿನದು, ಗೋಡೆ ತೆಳು ಹಲಗೆಯದು. ಬಿಳಿ ಕಾಳುಗಳಲ್ಲಿ ಮಿಂದ ಸೊಸೆ ಕೆಮ್ಮುತ್ತ ಎದ್ದು ನಿಂತಳು. ಒಂದು ತರಚುಗಾಯವೂ ಇರಲಿಲ್ಲ.

"ಯಾರು? ಯಾರು ಮಾಡಿದ್ದು ಇದು?" ಗೈಡಮ್ಮ ಕೊಡೆ ಹಿಡಿದುಕೊಂಡೇ ಜನರ ನಡುವೆ ನುಗ್ಗಿ ಬಂದಳು.

ಮೈಕಮ್ಮ ಬಾಯಿ ತೆರೆದಳು. ಮಾತೇ ಹೊರಡಲಿಲ್ಲ. ಗಾಳಿಮಳೆಯ ರಾತ್ರಿ ಹಳಿಯೇ ಕೊಚ್ಚಿಹೋದಾಗಲೂ ಅಳುಕದೆ ಸುದ್ದಿ ಹೇಳಿದ್ದ ಗಂಟಲು ಈಗ ಒಣಗಿ ಹಲಗೆಯಾಗಿತ್ತು. ಒಂದಿಷ್ಟು ಹೆಚ್ಚುಕಮ್ಮಿಯಾಗಿದ್ದರೆ, ಕಂಬ ಗಟ್ಟಿಯದಾಗಿದ್ದರೆ ಈ ಹುಡುಗಿ ಏನಾಗುತ್ತಿದ್ದಳು?

"ನಾನು," ಎಂದಳು ಸೊಸೆ.

"ಏನಂದ್ರಿ?"

"ನಾನೇ. ನಾನು ಒರಗಿದ್ದಕ್ಕೇ ಸಡಿಲ ಆಗಿದ್ದು. ನಮ್ಮ ಅತ್ತೆನ ಏನೂ ಅನ್ಬೇಡಿ."

ಗೈಡಮ್ಮ ಕಡ್ಡಿಯಂತಿದ್ದ ಸೊಸೆಯನ್ನು ನೋಡಿದಳು, ಆಮೇಲೆ ಮೈಕಮ್ಮನನ್ನು ನೋಡಿದಳು. ನಂಬುವ ಹಾಗಿರಲಿಲ್ಲ. ಅಷ್ಟರಲ್ಲಿ ಸಾಲಿನವರು ಎರಡು ಪಂಗಡವಾಗಿದ್ದರು. "ಅತ್ತೇದೇ ತಪ್ಪು, ನಾವು ಕಣ್ಣಾರೆ ನೋಡಿದ್ವಿ," ಎಂದು ಅರ್ಧ ಜನ. "ಸೊಸೆ ನಗದೆ ಇದ್ದಿದ್ರೆ ಇದೆಲ್ಲ ಆಗ್ತಾನೇ ಇರ್ಲಿಲ್ಲ," ಎಂದು ಉಳಿದರ್ಧ. "ಪಾಪ, ಕಿರಿಸೊಸೆ ಇನ್ನು ಎಲ್ಲಿ ಅಳ್ಬೇಕು?" ಎಂದು ಒಬ್ಬಾಕೆ ಕಣ್ಣೊರೆಸಿಕೊಂಡಳು.

ಗದ್ದಲ ಕೇಳಿ ಯಜಮಾನರು ಪತ್ರಿಕೆ ಬಿಟ್ಟು ಬಂದರು. ಬಿದ್ದ ಕಂಬವನ್ನು ಅವರು ನೋಡಲೇ ಇಲ್ಲ. ಹಲಗೆ ಗೋಡೆಯಿದ್ದ ಜಾಗದಲ್ಲಿ ಒಂದು ಬಾಗಿಲು ಕಾಣಿಸುತ್ತಿತ್ತು: ಕಪ್ಪು ಮರದ ಹಳೇ ಬಾಗಿಲು, ಹಿತ್ತಾಳೆ ಚಿಲಕ. ಅವರು ಹೋಗಿ ಚಿಲಕ ತೆಗೆದು ತಳ್ಳಿದರು. ಬಾಗಿಲ ಆಚೆ ಒಂದು ಸಣ್ಣ ಕೋಣೆ, ಕಿಟಕಿಯ ಬಿಸಿಲಲ್ಲಿ ಕುರ್ಚಿ, ಕುರ್ಚಿಯಲ್ಲಿ ಬೆಳ್ಳಿಗೂದಲಿನ ಹೆಂಗಸು.

"ಅಕ್ಕಾ," ಎಂದರು ಯಜಮಾನರು, "ಬಾಗಿಲು ತೆಗೀತು!"

ಸಂಗತಿ ಏನೆಂದರೆ, ಶೂಟಿಂಗಿನವರು ಬಂದಾಗ ಈ ಬಾಗಿಲು ಕ್ಯಾಮೆರಾಕ್ಕೆ ಚೆನ್ನಾಗಿ ಕಾಣುವುದಿಲ್ಲವೆಂದು ಅದರ ಮುಂದೆ ಗೋಡೆ, ಕಂಬ ಎಬ್ಬಿಸಿದ್ದರು. ಧಾರಾವಾಹಿ ಮುಗಿದ ಕೂಡಲೇ ತೆಗೆಯುತ್ತೇವೆ ಎಂದಿದ್ದರು. ಯಜಮಾನರು ನಂಬಿ ಸಹಿ ಹಾಕಿದ್ದರು. "ಧಾರಾವಾಹಿ ಅನ್ನೋದು ಮುಗಿಯೋ ಪದಾರ್ಥವೇ ಅಲ್ಲ ಅಂತ ನನಗೇನು ಗೊತ್ತು?" ಅಂದಿನಿಂದ ಅವರು ಅಕ್ಕನ ಕೋಣೆಗೆ ಹಿತ್ತಿಲು ಸುತ್ತಿಕೊಂಡು ಹೋಗುತ್ತಿದ್ದರು. ಮಂಡಿನೋವಿನ ಅಕ್ಕನಿಗೆ ಹಿತ್ತಿಲ ಮೆಟ್ಟಿಲು ಇಳಿಯಲಾಗುತ್ತಿರಲಿಲ್ಲ. ತಾವು ಹುಟ್ಟಿದ ಮನೆಯ ನಡುಮನೆಯನ್ನು ಅವರು ಟಿವಿಯಲ್ಲಿ ನೋಡುತ್ತಿದ್ದರು.

ಅಕ್ಕ ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದರು. ಕಿಕ್ಕಿರಿದ ಜನರನ್ನು ಬಿಟ್ಟು ಮೊದಲು ಗೋಡೆಗಳನ್ನು ನೋಡಿದರು.

"ಯಾವ ಪುಣ್ಯಾತ್ಮನೋ ಈ ಹಳದಿ ಬಳಿದೋನು? ಟಿವಿ ಕೆಟ್ಟಿದೆ ಅಂದ್ಕೊಂಡಿದ್ದೆ ನಾನು!"

ಗೈಡಮ್ಮ ಏನೋ ಹೇಳಹೋದಳು. ಅಕ್ಕ ಕಿವಿಗೆ ಕೈಯಾನಿಸಿ, ಕೇಳಿಸುತ್ತಿಲ್ಲವೆಂದು ತಲೆಯಾಡಿಸಿದರು. ಆಗ ಮೈಕಮ್ಮನ ದನಿ ಮರಳಿ ಬಂತು.

"ತಪ್ಪು ನನ್ನದೇ ಅಮ್ಮಾ! ಒರಗಿದವಳು ನಾನು! ಕ್ಷಮಿಸ್ಬೇಕು!"

ಕಿಟಕಿಯ ಗಾಜು ಅದುರಿತು. ಅಕ್ಕನ ಮುಖ ಅರಳಿತು. "ಅಬ್ಬ! ಇವರೊಬ್ಬರೇ ನೋಡು, ಮನುಷ್ಯರ ಹಾಗೆ ಬಾಯಿ ಬಿಟ್ಟು ಮಾತಾಡೋರು! ಒಳಗೆ ಬನ್ನಿ, ಕೂತ್ಕೊಳ್ಳಿ."

ಜನರ ಗುಂಪು ತಾನೇ ಮುಂದಿನ ಕೋಣೆಗೆ ಹೋಯಿತು. ಗೈಡಮ್ಮ ಫೋನಿನಲ್ಲಿ ಶೂಟಿಂಗಿನವರ ಬೈಗುಳ ಕೇಳುತ್ತ ಮೂಲೆ ಸೇರಿದಳು. ಯಜಮಾನರು ಚಹಾ ತರುವ ನೆಪದಲ್ಲಿ ಆ ಬಾಗಿಲಿನಲ್ಲಿ ಸುಮ್ಮಸುಮ್ಮನೆ ನಾಲ್ಕಾರು ಸಲ ಓಡಾಡಿದರು. ಒಮ್ಮೆ ಚಮಚಕ್ಕೆ, ಒಮ್ಮೆ ಸಕ್ಕರೆಗೆ, ಒಮ್ಮೆ ಯಾತಕ್ಕೂ ಅಲ್ಲ.

ಮೈಕಮ್ಮ ಸೊಸೆಯ ಕೂದಲಿನಿಂದ ಥರ್ಮಾಕೋಲ್ ಕಾಳು ಹೆಕ್ಕುತ್ತಿದ್ದಳು. "ಯಾಕೆ ನಿನ್ನ ಮೇಲೆ ಹಾಕ್ಕೊಂಡೆ?"

"ನೀವು ಮಾತಿಲ್ದೆ ನಿಂತಿದ್ದನ್ನ ನಾನು ಯಾವತ್ತೂ ನೋಡಿರ್ಲಿಲ್ಲ ಅತ್ತೆ. ಕಂಬ ಬಿದ್ದಾಗ ಆಗದೇ ಇದ್ದ ಭಯ ಆಗ್ಲೇ ಆಯ್ತು."

ಮೈಕಮ್ಮ ಕಾಳು ಹೆಕ್ಕುವುದು ಮುಗಿದ ಮೇಲೂ ಸ್ವಲ್ಪ ಹೊತ್ತು ಹೆಕ್ಕುತ್ತಲೇ ಇದ್ದಳು.

ಅವತ್ತು ಶೂಟಿಂಗಿನವರು ಓಡಿಬಂದು ಕೂಗಾಡಿದರು, ಹಾರಾಡಿದರು. ಆದರೆ ಅಕ್ಕ ಕುರ್ಚಿ ತರಿಸಿ ಹೊಸ್ತಿಲ ಮೇಲೇ ಕೂತುಬಿಟ್ಟಿದ್ದರು. ಅವರನ್ನು ಎಬ್ಬಿಸಿ ಗೋಡೆ ಕಟ್ಟುವ ಗಂಡಸು ಯಾರಿದ್ದ? ಕೊನೆಗೆ ಕಥೆ ಬರೆಯುವವನೇ ದಾರಿ ಹುಡುಕಿದ. ಮುಂದಿನ ವಾರ ಧಾರಾವಾಹಿಯಲ್ಲಿ ಭೂಕಂಪವಾಯಿತು; ಕಂಬ ಬಿದ್ದು, ಅದರ ಹಿಂದೆ ಗುಪ್ತದ್ವಾರ ತೆರೆದು, ಸತ್ತಳೆಂದುಕೊಂಡಿದ್ದ ದೊಡ್ಡತ್ತೆ ಹೊರಬಂದು ಉಕ್ಕಿನತ್ತೆಯ ಕಪಾಳಕ್ಕೆ ಬಾರಿಸಿದಳು. ಕಥೆ ಇನ್ನೂ ಎರಡು ವರ್ಷ ಎಳೆಯುವ ಹಾಗಾಯಿತು. ಆ ಪಾತ್ರ ನೀವೇ ಮಾಡಿ ಎಂದು ಅಕ್ಕನನ್ನು ಕೇಳಿದ್ದರಂತೆ. "ಹೊತ್ತು ಹುಟ್ಟೋ ಮೊದಲೇ ಮುಖಕ್ಕೆ ಬಣ್ಣ ಬಳಕೊಂಡು ಕೂರೋಕೆ ನನಗೇನು ಹುಚ್ಚಾ?" ಎಂದರಂತೆ ಅಕ್ಕ.

ಸೊಸೆ ಹಟ ಹಿಡಿದು ಅಕ್ಕನನ್ನು ಆಸ್ಪತ್ರೆಗೆ ಕರೆಸಿ ಮಂಡಿಯ ಎಕ್ಸ್‌ರೇ ತೆಗೆದಳು. ಸವೆದಿದೆ, ಆದರೆ ದಿನಾ ಸ್ವಲ್ಪ ಸ್ವಲ್ಪ ನಡೆದರೆ ಇನ್ನೂ ಬಹಳ ಕಾಲ ಬಾಳುತ್ತದೆ ಎಂದರು ಡಾಕ್ಟರು. ಹಾಗೆ ನಡೆಸುವುದಕ್ಕೆಂದು ಅತ್ತೆ ಸೊಸೆ ಇಬ್ಬರೂ ಈಗ ರಜೆಯ ದಿನ ಟಿಕೆಟ್ಟಿಲ್ಲದೆ ಆ ಮನೆಗೆ ಹೋಗುತ್ತಾರೆ. ಹೋದ ಭಾನುವಾರ ಅಕ್ಕನ ಅಪ್ಪಣೆಯಂತೆ ವಿಷದ ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದು ಹಾಕಿದರು.

"ಶೂಟಿಂಗಿನವರು ಏನಾದ್ರೂ ಅಂದ್ರೆ?" ಎಂದಳು ಸೊಸೆ, ಮೇಜಿನ ಒಂದು ಕಾಲು ಎತ್ತುತ್ತ.

"ಇನ್ನೊಂದು ಭೂಕಂಪ ಆಯ್ತು ಅಂದ್ಕೊಳ್ಲಿ. ಎತ್ತು, ಎತ್ತು, ಬೆರಳು ಜೋಪಾನ," ಎಂದಳು ಮೈಕಮ್ಮ.