ಹಿರೀಕರ ಸಾಲಿನಲ್ಲಿ ಚೆಲ್ವಿ

ಚೆಲ್ವಿ ಸತ್ತ ಮೂರನೆಯ ದಿನ ಲಕ್ಷ್ಮಿದೇವಮ್ಮ ಹಾಲು ತುಪ್ಪಕ್ಕೆ ಹೊರಟಾಗ, ಗಂಡ ಚಿಕ್ಕಹನುಮಯ್ಯನ ಮುಖದಲ್ಲಿ ಕಳೆಯೇ ಇರಲಿಲ್ಲ. ಮನೆಯವರು ಯಾರೇ ಹೋಗಲಿ, ಮೂರನೆಯ ದಿನ ಮಣ್ಣಿನ ಗುಡ್ಡೆಗೆ ಹಾಲು ತುಪ್ಪ ಬಿಟ್ಟು, ಅವರಿಗೆ ಇಷ್ಟವಾದದ್ದನ್ನು ಎಡೆ ಇಡುವುದು ಅವರ ಪದ್ಧತಿ. ಆದರೆ ನಾಯಿಗೆ ಹಾಲು ತುಪ್ಪ ಬಿಟ್ಟವರನ್ನು ಅಬ್ಬಿಗೆರೆಯಲ್ಲಿ ಯಾರೂ ಕಂಡಿರಲಿಲ್ಲ.

"ಅಣ್ಣ ಬೆಳಗ್ಗೆನೇ ಧರ್ಮಸ್ಥಳದಿಂದ ಬಂದವ್ನೆ ಕಣೇ. ಯಾರೋ ಆಗ್ಲೇ ಕಿವಿಗೆ ಹಾಕವ್ರೆ."

"ಬರ್ಲಿ ಬಿಡಿ," ಎಂದಳು. ಬಾಯಲ್ಲಿ ಹಾಗೆಂದರೂ ಹೆಜ್ಜೆ ಬಿರುಸು ಮಾಡಿದಳು.

ಹೊಲಗಳೆಲ್ಲ ಬಾಡಿಗೆ ಮನೆಗಳಾದ ಮೇಲೂ ಬಾವ ಸೊಣ್ಣಪ್ಪ ಹಟ ಹಿಡಿದು ಉಳಿಸಿಕೊಂಡಿದ್ದು ಹಿರೀಕರನ್ನು ಮಣ್ಣು ಮಾಡಿದ ನಾಲ್ಕು ಗುಂಟೆ ಮಾತ್ರ. ಅಲ್ಲಿ ಗುದ್ದಲಿ ಹಾಕಬೇಕಾದರೆ ಅವನನ್ನು ಕೇಳಬೇಕು. ಅವನು ಊರಲ್ಲಿಲ್ಲದ ಸಮಯ ನೋಡಿ ಇವಳು ಚೆಲ್ವಿಯನ್ನು ಅತ್ತೆಯ ಪಕ್ಕದಲ್ಲೇ ಮಲಗಿಸಿಬಿಟ್ಟಿದ್ದಳು. ಈಗ ಅವನು ಬಂದು ಅಗೆದು ತೆಗೀರಿ ಎಂದರೆ, ಎದುರಾಡುವಷ್ಟು ಬಾಯಿ ಗಂಡನಿಗಿಲ್ಲ.

ಒಂಬತ್ತು ವರ್ಷದ ಹಿಂದೆ, ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಲಾರಿಗೆ ಸಿಕ್ಕಿ ಬಿದ್ದಿದ್ದ ಮರಿಯನ್ನು ಲಕ್ಷ್ಮಿದೇವಮ್ಮ ಮದುವೆಗೆಂದು ಉಟ್ಟಿದ್ದ ರೇಷ್ಮೆ ಸೀರೆಯ ಸೆರಗಿನಲ್ಲೇ ಸುತ್ತಿಕೊಂಡು ಆಟೋ ಹತ್ತಿದ್ದಳು. ಹಿಂಗಾಲೊಂದು ಹೋಯಿತು. ಮೈತುಂಬ ಕಜ್ಜಿ, ಒಂದು ಕಿವಿ ಅರ್ಧ. ಅಂಥದ್ದಕ್ಕೆ ಚೆಲ್ವಿ ಎಂದು ಹೆಸರಿಟ್ಟಾಗ ಬೀದಿಗೆ ಬೀದಿಯೇ ನಕ್ಕಿತು. ನಗಲಿ, ಅವರದೇನು ಗಂಟು ಹೋಗುತ್ತದೆ? ಎರಡು ಕಾಲೂ ನೆಟ್ಟಗಿರುವ ಎಷ್ಟೋ ಜನಕ್ಕಿಲ್ಲದ ಬುದ್ಧಿ ಆ ಮೂರು ಕಾಲಿನವಳಿಗಿತ್ತು.

ಅತ್ತೆಗೆ ಕೊನೆಯ ಎರಡು ವರ್ಷ ಮರೆವು. ಕಣ್ಣು ತಪ್ಪಿಸಿ, ರಾಗಿ ಹೊಲಕ್ಕೆಂದು ಹೊರಟುಬಿಡುತ್ತಿದ್ದರು. ಹೊಲವಿದ್ದಲ್ಲಿ ನಾಲ್ಕು ಅಂತಸ್ತಿನ ಮನೆಗಳೆದ್ದಿದ್ದು ಅವರ ಲೆಕ್ಕಕ್ಕೇ ಇಲ್ಲ. ಚೆಲ್ವಿ ಬೊಗಳಿ ರಂಪ ಮಾಡುತ್ತಿರಲಿಲ್ಲ. ಕುಂಟುತ್ತ ಜೊತೆಗೇ ಹೋಗಿ, ದೊಡ್ಡ ರಸ್ತೆ ಬಂದ ಕೂಡಲೇ ಮುದುಕಿಯ ಕಾಲಿಗೆ ಅಡ್ಡ ಮಲಗುವಳು. ಹಾರ್ನ್ ಹೊಡೆದರೂ ಏಳಳು. ಮುದುಕಿ ಬೈದು ಸಾಕಾಗಿ ಮನೆ ಕಡೆ ತಿರುಗಿದ ಮೇಲೆಯೇ ಏಳುವುದು. ಲಾರಿಗೆ ಕಾಲು ಕೊಟ್ಟ ಪ್ರಾಣಿ ಲಾರಿಗಳ ಮುಂದೆ ಮಲಗಬೇಕೆಂದರೆ ಎಂಥ ಗುಂಡಿಗೆ ಇರಬೇಕು! ಸೊಣ್ಣಪ್ಪ ಮಾತ್ರ ಅವಳನ್ನು ಒಂದು ದಿನವೂ ಮುಟ್ಟಿದವನಲ್ಲ. ಅವನ ಬಾಯಲ್ಲಿ ಅವಳು ಕೊನೆಯವರೆಗೂ ‘ಕುಂಟಿ’.

ಲಕ್ಷ್ಮಿದೇವಮ್ಮ ಹಾಲು ಬಿಟ್ಟು, ಬಾಳೆ ಎಲೆಯಲ್ಲಿ ಮುದ್ದೆಯನ್ನೂ ಬೇಯಿಸಿದ ಮೊಟ್ಟೆಯನ್ನೂ ಇಡುವಷ್ಟರಲ್ಲಿ ಗೇಟಿನ ಬಳಿ ಸ್ಕೂಟರ್ ನಿಂತಿತು. ಸೊಣ್ಣಪ್ಪನ ಹಣೆಯ ಕುಂಕುಮ ಇನ್ನೂ ಅಳಿಸಿರಲಿಲ್ಲ.

"ಯಾರನ್ನ ಕೇಳಿ ಮಾಡಿದ್ರೋ ಇದನ್ನ?" ಎಂದು ತಮ್ಮನ ಮೇಲೆ ಗುಡುಗಿದ.

ಚಿಕ್ಕಹನುಮಯ್ಯ ಹೆಂಡತಿಯ ಹಿಂದಕ್ಕೆ ಸರಿದ.

"ನಾನೇ ಬಾವ ಮಾಡ್ಸಿದ್ದು," ಎಂದಳು ಲಕ್ಷ್ಮಿದೇವಮ್ಮ. ಈ ಮನೆ ಸೇರಿ ಮೂವತ್ತೈದು ವರ್ಷದಲ್ಲಿ ಅವನಿಗೆ ಎದುರು ಮಾತಾಡಿದ್ದು ಇದೇ ಮೊದಲು. "ಬೈಯೋದಿದ್ರೆ ನನ್ನ ಬೈರಿ. ಅವಳನ್ನ ತೆಗೆಯೋಕೆ ಮಾತ್ರ ಬಿಡಾಕಿಲ್ಲ."

"ತೆಗೀರಿ ಅಂತ ಯಾರಮ್ಮ ಅಂದ್ರು?"

ಸೊಣ್ಣಪ್ಪ ಚಪ್ಪಲಿ ಬಿಟ್ಟು, ಕುಕ್ಕರುಗಾಲಲ್ಲಿ ಕೂತು, ಗುಡ್ಡೆಯ ಅಂಚಿನಿಂದ ಒಂದು ಹಿಡಿ ಮಣ್ಣು ತೆಗೆದು ಮೇಲೆ ಹಾಕಿದ. ಇನ್ನೊಂದು ಹಿಡಿ ಹಾಕಿದ. ಮೂರನೆಯದು ಅವನ ಮುಷ್ಟಿಯಲ್ಲೇ ಉಳಿಯಿತು.

"ನಮ್ಮವ್ವನ್ನ ಎರಡು ವರ್ಷ ಕಾದೋಳು ಇವಳು. ಮನೇಲಿ ಯಾರಾನ ತೀರ್ಕೊಂಡ್ರೆ ಹಿರಿ ಮಗನಿಗೆ ಒಂದ್ ಫೋನ್ ಮಾಡ್ಬೇಕು ಅನ್ನಿಸ್ಲಿಲ್ವಾ ನಿಮಗೆ?" ಎಂದ. "ಎಲ್ಲಿದ್ರೂ ಬರ್ತಿದ್ನಲ್ಲಮ್ಮ. ಮುಖ ನೋಡೋಕೂ ಆಗ್ಲಿಲ್ಲ ನಂಗೆ."